ಸಾನಿ ಬೋಲಾರ್ ಯಾವ ದೇಶದವನು?

ಕಳೆದ ವರ್ಷ ಇದೇ ಅಂಕಣದಲ್ಲಿ ನಾನೊಂದು ಸುಳ್ಳು ಬರೆದಿದ್ದೆ. ಗೊತ್ತಿದ್ದು ಬರೆದದ್ದಲ್ಲ. ಆದರೂ ಅಚ್ಚಾದ ಮೇಲೆ ಸುಳ್ಳು ಸುಳ್ಳೇ. ಅದನ್ನು ತಿದ್ದಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು.

ಕೆಲವರಿಗೆ ನೆನಪಿರಬಹುದು. ನನ್ನ ಸೋದರಮಾವ ಸಂಜೀವನ ಬಗ್ಗೆ ಬರೆದಿದ್ದೆ. ಖಾರ ಮುಟ್ಟದ ಮಾವ. ಬೆಳಿಗ್ಗೆ ಎದ್ದು ಬಾವಿಯ ಬಳಿ ನಿಂತು, ತುಟಿ ಅದುರಿಸಿ ಕುದುರೆಯ ಹಾಗೆ ‘ಪುರ್ರ್’ ಎನ್ನುತ್ತಿದ್ದ ಮಾವ. ಮುಂದಿನ ಎರಡು ಹಲ್ಲಿಲ್ಲದ ಮಾವ. ‘ಬೊಂಬಾಯಿಯ ಹೋಟೆಲಿನಲ್ಲಿ ವರ್ಷಗಟ್ಟಲೆ ಕಪ್ಪು-ಬಸಿ ತೊಳೆದು, ಅಲ್ಲಿಯ ಅಡುಗೆಮನೆಯಲ್ಲೇ ಜಾರಿ ಬಿದ್ದು, ಹಲ್ಲು ಅಲ್ಲೇ ಬಿಟ್ಟು ಮಂಗಳೂರಿನ ನಮ್ಮ ಬೋಳಾರಕ್ಕೆ ಬಂದವರು’ ಎಂದು ತಮಾಷೆಯಾಗಿ ಬರೆದಿದ್ದೆ. ಓದಿ ನಕ್ಕಿರಿ. ಮೆಸೇಜ್ ಮಾಡಿದಿರಿ. ನನಗೂ ಖುಷಿಯಾಗಿತ್ತು.

ನಾಲ್ಕನೆಯ ದಿನ ಒಂದು ಫೋನ್ ಬಂತು.

“ಮೇಡಂ, ನೀವು ಬರೆದದ್ದು ತಪ್ಪು.”

(ಇಂಥ ಫೋನುಗಳು ನನಗೆ ಹೊಸತಲ್ಲ. ಹೆಚ್ಚಿನವು ಒತ್ತಕ್ಷರಕ್ಕೆ ಸಂಬಂಧಿಸಿರುತ್ತವೆ.)

“ಎಂತ ತಪ್ಪು ಸರ್?”

“ಸಂಜೀವ ಕಪ್ಪು ತೊಳೆದದ್ದಲ್ಲ. ಟ್ರಂಪೆಟ್ ಊದಿದ್ದು. ಹಿಂದೆ ಡ್ರಮ್ಸ್ ಬಾರಿಸ್ಲಿಕ್ಕೆ ಕೂತದ್ದು ನಾನು. ನೀವೊಮ್ಮೆ ಇಲ್ಲಿಗೆ ಬನ್ನಿ.”

ಮುದಿ ದನಿ. ಆದರೆ ಕೇಳಿಕೊಳ್ಳುವ ದನಿಯಲ್ಲ, ಆಜ್ಞೆ ಮಾಡುವ ದನಿ. ಹೋದೆ.

ಮನೆ ಪಂಪ್‌ವೆಲ್ ಫ್ಲೈಓವರಿನ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ, ಮೂರನೆಯ ಮಹಡಿ. ಕಿಟಕಿ ತೆರೆದರೆ ಬಸ್ಸುಗಳ ಹಾರ್ನು ನೇರವಾಗಿ ಊಟದ ಮೇಜಿಗೇ ಬರುತ್ತದೆ. ಬೆನ್ನಿ ಎಂದು ಅವರ ಹೆಸರು. ಎಂಬತ್ತೈದು ವರ್ಷ. ಮಗಳ ಜೊತೆ ಇದ್ದಾರೆ. ನಾನು ಚಪ್ಪಲಿ ಬಿಚ್ಚುವ ಮೊದಲೇ ಮಂಚದ ಕೆಳಗಿಂದ ಒಂದು ಹಳೆಯ ಸೂಟ್‌ಕೇಸ್ ಎಳೆದು, ಒಂದು ಫೋಟೊ ತೆಗೆದು ಕೈಗಿಟ್ಟರು.

ಐದು ಜನ. ಬಿಳಿ ಕೋಟು, ಕಪ್ಪು ಬೋ ಟೈ. ಹಿಂದೆ ಪರದೆ, ಮೇಲೆ ದೀಪದ ಗೊಂಚಲು. ನಡುವೆ ನಿಂತವನು ಟ್ರಂಪೆಟನ್ನು ಎದೆಗೆ ಒರಗಿಸಿಕೊಂಡು, ಗಲ್ಲ ಎತ್ತಿ, ಕ್ಯಾಮೆರಾವನ್ನು ನೋಡುತ್ತಿದ್ದಾನೆ. ನಗುತ್ತಿದ್ದಾನೆ. ಎಲ್ಲ ಹಲ್ಲುಗಳೂ ಇವೆ.

ಅದು ನನ್ನ ಅಮ್ಮನ ಮೂಗು. ಅಮ್ಮನ ಹುಬ್ಬು. ಆದರೆ ಸಂಜೀವಮಾವ ಹಾಗೆ ಗಲ್ಲ ಎತ್ತಿ ನಿಂತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

“ಖಾರ ಯಾಕೆ ತಿನ್ತಿರಲಿಲ್ಲ ಗೊತ್ತುಂಟಾ?” ಬೆನ್ನಿ ಕೇಳಿದರು. “ತುಟಿ ಮಾರಾಯ್ರೆ, ತುಟಿ! ಟ್ರಂಪೆಟ್ ಊದುವವನಿಗೆ ತುಟಿಯೇ ಬಂಡವಾಳ. ಬೆಳಿಗ್ಗೆ ಪುರ್ರ್ ಅಂತ ಮಾಡ್ತಿದ್ದದ್ದು ಪ್ರಾಕ್ಟೀಸು. ನೀವು ಅದನ್ನು ಕುದುರೆ ಅಂತ ಬರೆದಿದ್ದೀರಿ.”

ನನ್ನ ಮುಖ ಎಲ್ಲಿಡಲಿ?

ಜಾಝ್ ಎಂದರೆ ನನಗೆ ದೊಡ್ಡ ಹೋಟೆಲುಗಳ ಲಿಫ್ಟಿನಲ್ಲಿ ಕೇಳಿಸುವ ಸಂಗೀತ, ಅಷ್ಟೆ. ಬೆನ್ನಿ ತಾಳ್ಮೆಯಿಂದ ವಿವರಿಸಿದರು. ಹಾಡು ಎಲ್ಲರಿಗೂ ಒಂದೇ. ನಡುವೆ ಒಬ್ಬೊಬ್ಬನಿಗೂ ಒಂದು ಸರದಿ ಬರುತ್ತದೆ. ಆಗ ಬರೆದಿಟ್ಟದ್ದನ್ನು ನುಡಿಸಬಾರದು, ತನ್ನದನ್ನೇ ನುಡಿಸಬೇಕು. “ಸಂಜೀವನ ಸರದಿ ಬಂದಾಗ ಜನ ಚಮಚ ಕೆಳಗೆ ಇಡ್ತಿದ್ರು. ಚಮಚ ಇಡುವ ಸದ್ದು ನನಗೆ ಕೇಳ್ತಿತ್ತು. ಮತ್ತೆ ಅದೂ ಕೇಳ್ತಿರಲಿಲ್ಲ.”

ಬ್ಯಾಂಡಿನ ಲೀಡರಿಗೆ ‘ಸಂಜೀವ’ ಹೇಳಲು ಬರುತ್ತಿರಲಿಲ್ಲವಂತೆ. ಸಾನಿ ಎಂದ. ಯಾವ ಊರು ಎಂದು ಕೇಳಿದ. ಬೋಳಾರ ಎಂದರು ಮಾವ. ಮರುದಿನ ಕಾರ್ಯಕ್ರಮದ ಕಾರ್ಡಿನಲ್ಲಿ ಅಚ್ಚಾಯಿತು: ಸಾನಿ ಬೋಲಾರ್, ಟ್ರಂಪೆಟ್.

ಬೆನ್ನಿಯವರ ಮಗಳು ಟ್ಯಾಬ್ ತಂದು ಒಂದು ವೆಬ್‌ಸೈಟ್ ತೋರಿಸಿದಳು. ಮುಂಬೈಯ ಹಳೆಯ ಜಾಝ್ ಸಂಗೀತವನ್ನು ಸಂಗ್ರಹಿಸುವ ಒಂದು ಸಂಸ್ಥೆ. ಅದೇ ಫೋಟೊ. ಕೆಳಗೆ ಇಂಗ್ಲಿಷಿನಲ್ಲಿ: ಸಾನಿ ಬೋಲಾರ್, ಮೂಲ ತಿಳಿದಿಲ್ಲ. ಅದರ ಕೆಳಗೆ ಅಭಿಮಾನಿಗಳ ಜಗಳ. ಇವರು ಕೇಳಿದ್ದು ಮಾವ ನುಡಿಸಿದ ಎರಡೇ ಎರಡು ರೆಕಾರ್ಡುಗಳನ್ನು. ಅಷ್ಟಕ್ಕೇ ಅವರನ್ನು ದಂತಕಥೆ ಮಾಡಿಬಿಟ್ಟಿದ್ದಾರೆ. ಒಬ್ಬ ದಕ್ಷಿಣ ಅಮೆರಿಕದವನು ಎನ್ನುತ್ತಾನೆ. ಇನ್ನೊಬ್ಬ ಕಲ್ಕತ್ತೆಯ ಆಂಗ್ಲೋ-ಇಂಡಿಯನ್ ಎನ್ನುತ್ತಾನೆ. ಮತ್ತೊಬ್ಬನಿಗೆ ಬೋಲಾರ್ ಎಂಬುದು ಹಂಗೆರಿಯ ಮನೆತನದ ಹೆಸರು ಎಂದು ಗ್ಯಾರಂಟಿ.

ಅದು ನಮ್ಮ ಬೋಳಾರ, ಮಂಗಳೂರಿನ ಮಂಗಳಾದೇವಿ ದೇವಸ್ಥಾನದಿಂದ ನಡೆದುಹೋಗುವ ದಾರಿ ಎಂದು ಯಾರಿಗೂ ಹೊಳೆದಿಲ್ಲ!

“ನಾನು ಎರಡು ಸಲ ಬರೆದೆ,” ಬೆನ್ನಿ ಹೇಳಿದರು. “ಥ್ಯಾಂಕ್ಸ್ ಅಂತ ಉತ್ತರ ಬಂತು. ಪ್ರೂಫ್ ಬೇಕಂತೆ. ನನ್ನ ಬಾಯಿ ಮಾತು ಸಾಕಾಗುದಿಲ್ಲ. ನೀವು ಅವನ ಮನೆಯವರು. ನೀವು ಮಾಡಬೇಕು.”

“ನೀವು ಯಾಕೆ ಇಷ್ಟು...” ಎಂದು ನಾನು ಶುರು ಮಾಡಿದೆ.

ಅವರು ಸೂಟ್‌ಕೇಸಿನ ಮುಚ್ಚಳ ಮುಚ್ಚಿದರು. ಮಗಳು ಒಳಗೆ ಹೋದಳು. ಅವಳಿಗೆ ಮುಂದಿನದು ಗೊತ್ತಿತ್ತು ಎಂದು ಕಾಣುತ್ತದೆ.

“ಅಡುಗೆಮನೆಯಲ್ಲಿ ಜಾರಿದ್ದಲ್ಲ ಮೇಡಂ. ಸ್ಕೂಟರ್. ಓಡಿಸಿದ್ದು ನಾನು. ಅವನು ಹಿಂದೆ ಕೂತಿದ್ದ. ಮಳೆ ಬಿಟ್ಟು ರಸ್ತೆ ಪಸೆ ಇತ್ತು. ನನಗೆ ಮೊಣಕೈ ತರಚಿತು, ಅಷ್ಟೆ. ಅವನ ಎರಡು ಹಲ್ಲು ಹೋಯ್ತು. ಕಟ್ಟಿದ ಹಲ್ಲು ಹಾಕಿ ನೋಡಿದ. ಆರು ತಿಂಗಳು ನೋಡಿದ. ಸ್ವರ ನಿಲ್ಲಲಿಲ್ಲ. ನನಗೆ ಒಂದು ಮಾತು ಬಯ್ಯಲಿಲ್ಲ. ಟ್ರಂಪೆಟ್ ಮತ್ತೊಬ್ಬನಿಗೆ ಕೊಟ್ಟು ಊರಿಗೆ ಹೋದ. ಮನೆಯಲ್ಲಿ ಸುಳ್ಳು ಹೇಳಿದ್ದಾನೆ ಅಂತ ನನಗೆ ಗೊತ್ತಾದದ್ದು ನಿಮ್ಮ ಅಂಕಣ ಓದಿದ ಮೇಲೆ.”

ಬೋಳಾರಕ್ಕೂ ಪಂಪ್‌ವೆಲ್ಲಿಗೂ ಹೆಚ್ಚು ದೂರವೇನಿಲ್ಲ. ಆದರೆ ಬೆನ್ನಿ ಮಂಗಳೂರಿಗೆ ಮರಳುವಷ್ಟರಲ್ಲಿ ಮಾವ ತೀರಿಹೋಗಿದ್ದರು. ನಾನು ಡಿಗ್ರಿ ಓದುತ್ತಿದ್ದಾಗ, ಐವತ್ತೈದರ ಆಸುಪಾಸಿನಲ್ಲಿ.

ಅವತ್ತು ಫ್ಲೈಓವರ್ ಕೆಳಗೆ ರಿಕ್ಷಾ ಕಾಯುತ್ತ ನಿಂತಾಗಲೇ ನಿರ್ಧಾರ ಮಾಡಿದೆ. ‘ಮೂಲ ತಿಳಿದಿಲ್ಲ’ ಎಂಬ ಆ ಸಾಲನ್ನು ತೆಗೆಸದೆ ಬಿಡುವುದಿಲ್ಲ.

ಸಂಸ್ಥೆಗೆ ಇ-ಮೇಲ್ ಮಾಡಿದೆ. ಅನಾಹಿತಾ ಎಂಬ ಸಂಗ್ರಹಪಾಲಕಿ ಉತ್ತರಿಸಿದಳು. ಸಭ್ಯ ಇಂಗ್ಲಿಷು, ಗಟ್ಟಿ ಮನಸ್ಸು. ಸಾನಿ ಬೋಲಾರ್ ನಮ್ಮ ಅಜ್ಜ, ನಮ್ಮ ಚಿಕ್ಕಪ್ಪ ಎಂದು ಈಗಾಗಲೇ ಇಬ್ಬರು ಬರೆದಿದ್ದಾರಂತೆ. ಎರಡೂ ಸುಳ್ಳೆಂದು ಗೊತ್ತಾಯಿತಂತೆ. ಆ ಕಾಲದ್ದೇ ಆದ, ಎರಡು ಹೆಸರನ್ನೂ ಜೋಡಿಸುವ ದಾಖಲೆ ಬೇಕು. ಹೋಲುವ ಮೂಗು ದಾಖಲೆಯಲ್ಲ.

ಸಿಟ್ಟು ಬಂತು. ಆಮೇಲೆ ಅನಿಸಿತು, ಅವಳು ಹೇಳಿದ್ದು ಸರಿ. ವಿಚಾರಿಸದೆ ನಂಬಿ ಬರೆದವಳು ನಾನು. ವಿಚಾರಿಸದೆ ನಂಬುವುದಿಲ್ಲ ಎನ್ನುವವಳು ಅವಳು. ಇಬ್ಬರಲ್ಲಿ ಮಾವನಿಗೆ ಯಾರು ಬೇಕು?

ಅಮ್ಮನಿಗೆ ಹೇಳುವುದೇ ಕಷ್ಟದ ಕೆಲಸವಾಗಿತ್ತು. ಬೋಳಾರದ ಮನೆ ಈಗಿಲ್ಲ. ಅಮ್ಮ ಕದ್ರಿಯಲ್ಲಿ ನನ್ನ ಜೊತೆ ಇದ್ದಾಳೆ. ಎಂಬತ್ತನಾಲ್ಕು ವರ್ಷ, ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದಳು.

“ಊದುತ್ತಿದ್ದದ್ದು ಗೊತ್ತುಂಟು,” ಎಂದಳು. (ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡ ಮಾಡಿದ್ದೇನೆ.) “ಸಣ್ಣವನಿರುವಾಗ ಬ್ಯಾಂಡ್ ಮಾಸ್ಟರರ ಹತ್ತಿರ ಕಲಿತದ್ದು. ಯಾರದ್ದೋ ಮದುವೆ ದಿಬ್ಬಣದ ಎದುರು ಕೆಂಪು ಕೋಟು ಹಾಕಿ ಊದಿಕೊಂಡು ಹೋಗುವಾಗ ನಮ್ಮ ಅಮ್ಮನ ಕಣ್ಣಿಗೆ ಬಿದ್ದ. ಆ ವಾದ್ಯ ಮನೆಯೊಳಗೆ ಬಂದರೆ ನಾನು ನೇತ್ರಾವತಿಗೆ ಹಾರ್ತೇನೆ ಅಂದಳು ಅಮ್ಮ. ಮಳೆಗಾಲ ಮುಗಿದದ್ದೇ ಅಣ್ಣ ಬೊಂಬಾಯಿ ಹಡಗು ಹತ್ತಿದ. ಹೋಟೆಲಿನಲ್ಲಿ ಕೆಲಸ ಸಿಕ್ಕಿತು ಅಂತ ಕಾಗದ ಬಂತು.”

ಹೋಟೆಲಿನಲ್ಲಿ ಕೆಲಸ. ಕರಾವಳಿಯವನೊಬ್ಬ ಬೊಂಬಾಯಿಯಲ್ಲಿ ಹೋಟೆಲ್ ಎಂದರೆ ನಮ್ಮ ಕಣ್ಣಿಗೆ ಏನು ಬರುತ್ತದೆ? ಇಡ್ಲಿ ಪಾತ್ರೆ. ಒದ್ದೆ ಬಟ್ಟೆ. ‘ಎರಡು ಪ್ಲೇಟ್ ವಡೆ’ ಎಂಬ ಕೂಗು. ಕೆಲಸದ ವಿಷಯದಲ್ಲಿ ಮಾವ ಸುಳ್ಳು ಹೇಳಲಿಲ್ಲ. ನಾವು ಮುಂದಿನ ಪ್ರಶ್ನೆ ಕೇಳಲಿಲ್ಲ, ಅಷ್ಟೆ.

“ಆ ಕಾಗದಗಳು ಉಂಟಾ?” ಎಂದೆ.

ಅಮ್ಮ ಕಪಾಟಿನ ಕೆಳಗಿನ ಖಾನೆಯಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆಸಿದಳು. ಮಾವನ ಕಾಗದಗಳು. ಎಲ್ಲವೂ ದೊಡ್ಡ ಹೋಟೆಲೊಂದರ ಮುದ್ರೆಯಿದ್ದ ಹಾಳೆಗಳಲ್ಲಿ. (ಮಾಲೀಕನ ಮೇಜಿನಿಂದ ಎತ್ತಿಕೊಂಡಿರಬೇಕು ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ.) ತುಳುವಿನಲ್ಲಿ ಜಗಳವಾಡುವ, ತುಳುವಿನಲ್ಲೇ ಅಳುವ ನಾವು ಕಾಗದ ಬರೆಯುವುದು ಮಾತ್ರ ಕನ್ನಡದಲ್ಲಿ. ಶಾಲೆಯ ಕನ್ನಡ. ಇಸ್ತ್ರಿ ಹಾಕಿದ ಕನ್ನಡ. ‘ತಂಗಿ ಲಲಿತೆಗೆ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ. ಬಿಳಿ ಕೋಟು ಕೊಟ್ಟಿದ್ದಾರೆ. ನಿಂತುಕೊಂಡೇ ಕೆಲಸ. ಶನಿವಾರ ಜನ ಹೆಚ್ಚು. ತುಟಿ ಒಡೆದಿದೆ, ಬೆಣ್ಣೆ ಹಚ್ಚುತ್ತಿದ್ದೇನೆ.’

ಓದಿ ನೋಡಿ. ಸಪ್ಲೈಯರ್ ಬರೆದದ್ದು ಎಂದೇ ಅನಿಸುವುದಿಲ್ಲವೇ?

ಮೂರು ದಿನ ಕೂತು ಎಲ್ಲವನ್ನೂ ಓದಿದೆ. ಹದಿನಾರನೆಯದೋ ಹದಿನೇಳನೆಯದೋ ಕಾಗದದಲ್ಲಿ ನನಗೆ ಬೇಕಾದ ಸಾಲು ಸಿಕ್ಕಿತು. ‘ಇಲ್ಲಿಯವರಿಗೆ ನನ್ನ ಹೆಸರು ಬಾಯಿಗೆ ಬರುವುದಿಲ್ಲ. ಸಾನಿ ಬೋಲಾರ್ ಎಂದು ಕರೆಯುತ್ತಾರೆ. ನಮ್ಮ ಊರೇ ನನಗೆ ಹೆಸರಾಗಿದೆ.’

ಕೂಗಿಬಿಟ್ಟೆ. ಅಮ್ಮ ಬಂದು ನೋಡಿದಳು. ಆದರೆ ಅವಳು ಹಿಡಿದದ್ದು ಆ ಕಾಗದವನ್ನಲ್ಲ, ಪಕ್ಕದಲ್ಲಿದ್ದ ಇನ್ನೊಂದನ್ನು.

‘ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ರೈಟರ ಮನೆಗೆ ಹೋಗಿ ರೇಡಿಯೋ ಕೇಳು. ಬೊಂಬಾಯಿ ಸ್ಟೇಷನ್. ಕೊನೆಯ ತನಕ ಕೇಳು.’

“ಇದು ನನಗೆ ನೆನಪುಂಟು,” ಎಂದಳು. ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ ಮನೆಯಲ್ಲಿ ಮಾತ್ರ ರೇಡಿಯೋ ಇದ್ದದ್ದು. ಹೋಗಿದ್ದಳು. ಕೇಳಿದ್ದಳು. “ಎಂತದೋ ಇಂಗ್ಲಿಷ್ ಬ್ಯಾಂಡ್. ನಡುವೆ ಕರಕರ ಶಬ್ದ. ಒಲೆಯ ಮೇಲೆ ಅನ್ನ ಇಟ್ಟು ಹೋಗಿದ್ದೆ. ಅರ್ಧಕ್ಕೇ ಎದ್ದು ಬಂದೆ.”

ಕೊನೆಯಲ್ಲಿ ನುಡಿಸಿದವರ ಹೆಸರು ಹೇಳಿರಬೇಕು. ಆ ಹೊತ್ತಿಗೆ ಅಮ್ಮ ಅನ್ನ ಬಸಿಯುತ್ತಿದ್ದಳು.

ಮುಂದಿನ ಕಾಗದವನ್ನು ಅವಳೇ ಓದಿದಳು, ಗಟ್ಟಿಯಾಗಿ: “ಕರಕರ ಶಬ್ದ ಬಂದದ್ದು ತಿಳಿಯಿತು. ಅಡ್ಡಿಯಿಲ್ಲ. ನನಗೆ ಊಟಕ್ಕೆ ತೊಂದರೆಯಿಲ್ಲ.”

ಆಮೇಲಿನ ಯಾವ ಕಾಗದದಲ್ಲೂ ರೇಡಿಯೋದ ಮಾತಿಲ್ಲ.

“ನನಗಾದರೂ ಹೇಳಬಹುದಿತ್ತಲ್ಲ,” ಎಂದಳು ಅಮ್ಮ. ಒಂದು ಗಳಿಗೆ ಬಿಟ್ಟು ತಾನೇ ಉತ್ತರ ಕೊಟ್ಟಳು. “ಹೇಗೆ ಹೇಳ್ತಾನೆ? ಅಮ್ಮನಿಗೆ ಅಕ್ಷರ ಗೊತ್ತಿರಲಿಲ್ಲ. ಬಂದ ಕಾಗದವನ್ನೆಲ್ಲ ಗಟ್ಟಿಯಾಗಿ ಓದಿ ಹೇಳ್ತಿದ್ದದ್ದು ನಾನೇ ಅಲ್ವಾ?”

ಅಜ್ಜಿ ಹೋದ ಮೇಲೆ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಮಾವನ ಹಲ್ಲು ಹೋಗಿತ್ತು. ಊದಲಾಗದವನು ‘ನಾನು ಊದುತ್ತಿದ್ದೆ’ ಎಂದು ಯಾವ ಬಾಯಲ್ಲಿ ಹೇಳಬೇಕು?

ಎಲ್ಲ ಕಾಗದಗಳನ್ನು ಸ್ಕ್ಯಾನ್ ಮಾಡಿ, ಅನುವಾದ ಮಾಡಿ ಅನಾಹಿತಾಗೆ ಕಳಿಸಿದೆ. ಉತ್ತರ ಬಂತು: ಅನುವಾದ ಮಾಡಿದ್ದು ನೀವೇ, ಸಂಬಂಧಿಯೂ ನೀವೇ. ಮೂಲ ಕಾಗದ ನೋಡಬೇಕು. ಕಾಗದ ಓದಲು ಬರುವ ಮೂರನೆಯವರೊಬ್ಬರು ಬೇಕು. ಬೇರೇನಾದರೂ ಇದ್ದರೆ ಅದನ್ನೂ ತನ್ನಿ.

ಬೇರೇನೋ ಇತ್ತು. ಬೆನ್ನಿಯವರ ಸೂಟ್‌ಕೇಸಿನಲ್ಲಿ ಒಂದು ಟೇಪ್ ಸುರುಳಿ. ರಿಹರ್ಸಲ್ಲಿನಲ್ಲಿ ಯಾರೋ ರೆಕಾರ್ಡ್ ಮಾಡಿದ್ದು. ಅದನ್ನು ನುಡಿಸುವ ಯಂತ್ರ ಮಂಗಳೂರಿನಲ್ಲಿ ಎಲ್ಲೂ ಸಿಗದೆ ಬೆನ್ನಿ ಅದನ್ನು ವರ್ಷಗಳಿಂದ ಹಾಗೇ ಇಟ್ಟಿದ್ದರು. ಅವರಿಗೆ ತಾವೇ ಹೊರಡುವ ಆಸೆ. ಮಗಳು ಬಿಡಲಿಲ್ಲ. ಕೊನೆಗೆ ನನ್ನ ಕೈಗಿಟ್ಟು, “ಲಗೇಜಿನಲ್ಲಿ ಇಡಬೇಡಿ. ಮಡಿಲಲ್ಲಿ ಇಟ್ಕೊಳ್ಳಿ. ಕೂಸಿನ ಹಾಗೆ” ಎಂದರು. ಮುಂಬೈ ರೈಲಿನಲ್ಲಿ ಹಾಗೆಯೇ ಹಿಡಿದು ಕೂತೆ. ಎದುರಿನ ಸೀಟಿನವರು ಅದು ಹಲ್ವದ ಡಬ್ಬ ಎಂದುಕೊಂಡಿದ್ದರು.

ಸಂಸ್ಥೆ ಎಂದರೆ ಹಳೆಯ ಕಟ್ಟಡವೊಂದರ ಮಹಡಿಯ ಎರಡು ಕೋಣೆಗಳು. ಅನಾಹಿತಾ ನನ್ನ ಮಗಳ ವಯಸ್ಸಿನವಳು. ಬಿಳಿ ಕೈಗವಸು ತೊಟ್ಟು ಕಾಗದಗಳನ್ನು ಮುಟ್ಟಿದಳು. ನಾವು ಬಿಸ್ಕತ್ತಿನ ಡಬ್ಬದಲ್ಲಿ ತುರುಕಿಟ್ಟಿದ್ದ ಕಾಗದಗಳನ್ನು! “ಓದುವವರು ಯಾರು?” ಎಂದು ಕೇಳಿದಳು.

ಗೊತ್ತು ಮಾಡಿದ್ದವರು ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿದ್ದರು. ಬರಿಗೈಯಲ್ಲಿ ವಾಪಸ್ ಹೋಗುವುದೇ? ಸಾಧ್ಯವಿಲ್ಲ. ಕೆಳಗಿಳಿದೆ. ಮೂಲೆಯಲ್ಲಿ ಒಂದು ಉಡುಪಿ ಹೋಟೆಲಿತ್ತು. ಕ್ಯಾಶಿನಲ್ಲಿ ಕೂತವರ ಹೆಸರು ದಿನೇಶ, ಕಾರ್ಕಳದವರು. ಕೆಲವು ಹಳೆಯ ಕನ್ನಡ ಕಾಗದ ಓದಿ ಹೇಳಬೇಕು ಎಂದಷ್ಟೇ ಹೇಳಿದೆ. ಊಟದ ಹೊತ್ತು ಮುಗಿದಿತ್ತು. “ಹತ್ತು ನಿಮಿಷ ಅಕ್ಕ, ಬಂದೆ” ಎಂದು ಗಲ್ಲಾಪೆಟ್ಟಿಗೆಯನ್ನು ಇನ್ನೊಬ್ಬರಿಗೆ ವಹಿಸಿ ಬಂದೇಬಿಟ್ಟರು.

ದಿನೇಶ ಕಾಗದಗಳನ್ನು ಒಂದೊಂದಾಗಿ ಓದಿ ಹಿಂದಿಯಲ್ಲಿ ಹೇಳಿದರು. ಅನಾಹಿತಾ ನನ್ನ ಅನುವಾದದ ಜೊತೆ ಸಾಲು ಸಾಲಾಗಿ ತಾಳೆ ನೋಡಿದಳು. ಬಿಳಿ ಕೋಟು, ನಿಂತು ಮಾಡುವ ಕೆಲಸ, ಶನಿವಾರದ ಜನ. ಓದಿ ಮುಗಿಸಿ ದಿನೇಶ ನನ್ನನ್ನು ಕೇಳಿದರು: “ಇವರು ಯಾವ ಸೆಕ್ಷನಿನಲ್ಲಿ ಸಪ್ಲೈಯರ್ ಇದ್ದದ್ದು ಅಕ್ಕ?”

“ಟೇಪು ಕೇಳಿ, ಗೊತ್ತಾಗ್ತದೆ,” ಎಂದೆ.

ಆಮೇಲೆ ಅನಾಹಿತಾ ಸುರುಳಿಯನ್ನು ಯಂತ್ರಕ್ಕೆ ಹಾಕಿದಳು. ಮೊದಲು ಬರಿಯ ಸುಯ್ಯೆನ್ನುವ ಸದ್ದು. ಕುರ್ಚಿ ಎಳೆದ ಸದ್ದು. ಯಾರೋ ಇಂಗ್ಲಿಷಿನಲ್ಲಿ ನಾಲ್ಕು ಎಣಿಸಿದರು. ಡ್ರಮ್ಸ್ ಶುರುವಾಯಿತು, ವೇಗವಾಗಿ, ತೀರಾ ವೇಗವಾಗಿ. ತಟ್ಟನೆ ಎಲ್ಲ ನಿಂತಿತು. ಒಂದು ಗಂಡು ದನಿ, ನಗು ತಡೆದುಕೊಂಡು ಬಯ್ಯುವ ದನಿ:

“ಬೆನ್ನಿ, ಮೆಲ್ಲ ಮಾರಾಯಾ! ಬಲಿಪುನ ದಾಯೆಗ್?”

ದಿನೇಶ ಎದ್ದು ನಿಂತುಬಿಟ್ಟರು. “ಅರೆ, ತುಳು! ಯಾಕೆ ಓಡ್ತಿ ಅಂತ ಕೇಳ್ತಿದ್ದಾರೆ! ಇದು ನಮ್ಮ ತುಳು!”

ಅನಾಹಿತಾ ಯಂತ್ರ ನಿಲ್ಲಿಸಿದಳು. “ಯಾವ ಭಾಷೆ?” ಎಂದು ನನ್ನನ್ನು ಕೇಳಿದಳು. ಆ ದನಿಯನ್ನು ನಾನು ಕೇಳದೆ ಎಷ್ಟು ವರ್ಷವಾಗಿತ್ತು! ದಿನೇಶರೇ ವಿವರಿಸಿದರು. ಅವಳು ಹಿಂದೆ ಹೋಗಿ ಇನ್ನೊಮ್ಮೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ನೋಟ್ ಪುಸ್ತಕದಲ್ಲಿ ಏನೋ ಬರೆದಳು. ಆಮೇಲೆ ಮೊದಲ ಸಲ ನಕ್ಕಳು.

ಹಂಗೆರಿಯಲ್ಲಿ ‘ಮಾರಾಯ’ ಎನ್ನುವವರು ಯಾರೂ ಇಲ್ಲ, ಅಲ್ಲವೇ?

ಟೇಪು ಮುಂದುವರಿಯಿತು. ಈ ಸಲ ಬೆನ್ನಿ ಓಡಲಿಲ್ಲ. ಟ್ರಂಪೆಟ್ ಬಂತು. ಅದನ್ನು ವರ್ಣಿಸುವ ಶಬ್ದಗಳು ನನ್ನಲ್ಲಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಬಂದ ಹತ್ತು ನಿಮಿಷಕ್ಕೆ ಹೋಗಬೇಕಾಗಿದ್ದ ದಿನೇಶ, ಟೇಪು ಮುಗಿಯುವವರೆಗೂ ಬಾಗಿಲಿಗೆ ಒರಗಿ ನಿಂತಿದ್ದರು.

ಅನಾಹಿತಾ ಟೇಪನ್ನು ನನ್ನ ಫೋನಿಗೆ ಇಳಿಸಿಕೊಟ್ಟಿದ್ದಳು. ಮಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ ಅಮ್ಮನ ಕಿವಿಗೆ ನನ್ನ ಹೆಡ್‌ಫೋನ್ ಹಾಕಿದೆ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚದೆ, ಗೋಡೆ ನೋಡುತ್ತ ಕೇಳಿದಳು. ತುಳು ಮಾತು ಬಂದಾಗ ಒಮ್ಮೆ ತಲೆ ಆಡಿಸಿದಳು. ಕೊನೆಯ ತನಕ ಕೇಳಿದಳು. ಮುಗಿದ ಮೇಲೂ ಹೆಡ್‌ಫೋನ್ ತೆಗೆಯಲಿಲ್ಲ.

“ಇಷ್ಟು ಜೋರಾಗಿ ಅಣ್ಣ ಮನೆಯಲ್ಲಿ ಒಂದು ದಿನ ಮಾತಾಡಿದ್ದಿಲ್ಲ,” ಎಂದಳು. “ಇನ್ನೊಮ್ಮೆ ಇಡು.”

ಸಂಸ್ಥೆಯ ಸಮಿತಿ ಕೂತು ಒಪ್ಪಲು ತಿಂಗಳುಗಳೇ ಹಿಡಿದವು. ನಾನು ಪ್ರತಿ ಸೋಮವಾರ ಒಂದು ಇ-ಮೇಲ್ ಹಾಕಿದೆ. ಒಂದು ಸೋಮವಾರವೂ ಬಿಡಲಿಲ್ಲ. ಕಳೆದ ವಾರ ಫೋಟೊದ ಕೆಳಗಿನ ಬರಹ ಬದಲಾಯಿತು. ‘ಸಂಜೀವ, ಸಾನಿ ಬೋಲಾರ್ ಎಂದೇ ಪ್ರಸಿದ್ಧ. ಟ್ರಂಪೆಟ್. ಊರು: ಬೋಳಾರ, ಮಂಗಳೂರು.’ ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅಕ್ಷರ ದೊಡ್ಡದು ಮಾಡು ಎಂದಳು. ಮಾಡಿದೆ. ತಾನೇ ಬೆರಳಿಟ್ಟು ಓದಿಕೊಂಡಳು.

ಪಂಪ್‌ವೆಲ್ಲಿಗೆ ಹೋಗಿ ಬೆನ್ನಿಯವರಿಗೂ ತೋರಿಸಿದೆ. ಅವರು ಅಳುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಪುರುಸೊತ್ತಿರಲಿಲ್ಲ. ನಾನು ಕಳಿಸಿದ್ದ ಆ ಟೇಪನ್ನೇ ಮಗಳ ಟ್ಯಾಬಿನಲ್ಲಿ ಕೇಳುತ್ತ ಕೂತಿದ್ದರು.

“ಇಲ್ಲಿ ಕೇಳಿ. ಸಂಜೀವ ನನಗೆ ಬೈದ ಮೇಲೆ ಹಿಂದೆ ಇನ್ನೊಬ್ಬ ಮಾತಾಡ್ತಾನೆ. ಮೆಲ್ಲ ಉಂಟು. ವಾಲ್ಯೂಮ್ ಮಾಡಿ.”

ಮಾಡಿದೆ. ಹೌದು, ಇನ್ನೊಂದು ದನಿ. ಮುಂಬೈಯಲ್ಲಿ ನಾವು ಮೂವರೂ ಗಮನಿಸಿರಲಿಲ್ಲ.

“ಹ್ವಾಯ್, ಇನ್ನೊಂದ್ ಸಲ ಬಾರ್ಸುವ.”

ಅಪ್ಪಟ ಕುಂದಾಪುರ ಕನ್ನಡ!

“ಇದು ಮ್ಯಾಕ್ಸ್!” ಬೆನ್ನಿ ಹೇಳಿದರು. “ಬಾಸ್ ಬಾರಿಸ್ತಿದ್ದ. ನಮ್ಮ ಹತ್ತಿರ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡ್ಲೇ ಇಲ್ಲ. ನಾನು ಮದರಾಸಿನವ ಅಂತ ಎಣಿಸಿದ್ದೆ. ಮೂರು ವರ್ಷ ಒಟ್ಟಿಗೆ ಇದ್ದದ್ದು ಮಾರಾಯ್ರೆ, ಮೂರು ವರ್ಷ!”

ಫೋಟೊದಲ್ಲಿ ಎಡಗಡೆ ಕೊನೆಗೆ ನಿಂತಿದ್ದಾನೆ. ತನಗಿಂತ ಎತ್ತರದ ವಾದ್ಯವನ್ನು ತಬ್ಬಿಕೊಂಡು. ಅವನ ಹೆಸರಿನ ಕೆಳಗೆ ಇವತ್ತಿಗೂ ಇರುವುದು ಅದೇ ಸಾಲು: ಮೂಲ ತಿಳಿದಿಲ್ಲ. ಬಾಸ್ ನುಡಿಸುವವರ ಎಡಗೈ ಬೆರಳ ತುದಿಗಳು ದಪ್ಪ ತಂತಿ ಒತ್ತಿ ಒತ್ತಿ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತವೆ, ಎಷ್ಟು ವರ್ಷವಾದರೂ ಹೋಗುವುದಿಲ್ಲ ಎನ್ನುತ್ತಾರೆ ಬೆನ್ನಿ.

ಕುಂದಾಪುರ ಕಡೆಯ ಓದುಗರೇ, ಬೊಂಬಾಯಿಯಿಂದ ಮರಳಿದ ನಿಮ್ಮ ದೊಡ್ಡಪ್ಪನ ಎಡಗೈಯನ್ನು ನೀವು ಯಾವತ್ತಾದರೂ ಹಿಡಿದು ನೋಡಿದ್ದೀರಾ?